ಫಾರಂಗೆ ಕಲಬುರಗಿ ಉದ್ದವಾಯಿತು

ಕಲಬುರಗಿಯ ಒಂದು ತರಬೇತಿ ಕೇಂದ್ರದ ಆನ್‌ಲೈನ್ ಅರ್ಜಿ ಅದು. ಊರಿನ ಹೆಸರು ‘ಬೀದರ್’ ಎಂದು ತುಂಬಿದರೆ ಸಲೀಸಾಗಿ ಹೋಗುತ್ತಿತ್ತು. ‘ಕಲಬುರಗಿ’ ಎಂದರೆ ‘20 ಅಕ್ಷರ ಮೀರಿದೆ’ ಎಂದು ವಾಪಸ್ ಬರುತ್ತಿತ್ತು. ಆಳಂದ, ಸೇಡಂನವರಿಗೆ ತೊಂದರೆಯೇ ಇಲ್ಲ. ಯಾದಗಿರಿ, ಜೇವರ್ಗಿಯವರಿಗೆ ಮಾತ್ರ ಬಾಗಿಲು ಬಂದ್.

“ನಮ್ಮೂರಿನ ಹೆಸರು ಅಷ್ಟು ಉದ್ದ ಅದಾ ಏನ್ರಿ ಸರ್?” ಎಂದು ಜೇವರ್ಗಿಯ ಹುಡುಗಿಯೊಬ್ಬಳು ಕೇಳಿದಳು. ಅರ್ಜಿಯ ಕೊನೆಯ ದಿನ ಹತ್ತಿರ ಬಂದಿತ್ತು. ಅವಳಿಗೆ ಉತ್ತರ ಸಿಗಲೇಬೇಕು ಎಂದು ನನಗೆ ಅನ್ನಿಸಿತು.

ಫಾರಂನ ಹಿಂದೆ ಇದ್ದದ್ದು ಹಳೆಯ ಪರ್ಲ್ ಸ್ಕ್ರಿಪ್ಟ್. ಲ್ಯಾರಿ ವಾಲ್ 1987ರಲ್ಲಿ ಹೊರತಂದ ಪ್ರೋಗ್ರಾಮಿಂಗ್ ಭಾಷೆ ಇದು. ತೊಂಬತ್ತರ ದಶಕದಲ್ಲಿ ಎಷ್ಟೋ ವೆಬ್ ಫಾರಂಗಳು ಇದರ ಮೇಲೆಯೇ ನಡೆದವು. ಆಗಿನ ಸಿಜಿಐ ಪದ್ಧತಿ ಬಹಳ ಸರಳ. ನಾವು ಬಟನ್ ಒತ್ತಿದಾಗಲೆಲ್ಲ ಸರ್ವರ್ ಆ ಸ್ಕ್ರಿಪ್ಟನ್ನು ಹೊಸದಾಗಿ ಓಡಿಸುತ್ತದೆ, ನಾವು ತುಂಬಿದ್ದನ್ನು ಅದರ ಕೈಗೆ ಕೊಡುತ್ತದೆ. ಹಾಗಾಗಿ ಬ್ರೌಸರ್ ಇಲ್ಲದೆಯೂ, ಆದೇಶ ಟೈಪ್ ಮಾಡುವ ಟರ್ಮಿನಲ್‌ನಲ್ಲೇ ಅದೇ ಮಾಹಿತಿ ಕೊಟ್ಟು ಅದನ್ನು ಓಡಿಸಿ ನೋಡಬಹುದು. ತಪ್ಪು ಹುಡುಕಲು ನನಗೆ ಇದಕ್ಕಿಂತ ಒಳ್ಳೆಯ ದಾರಿ ಗೊತ್ತಿಲ್ಲ.

ಉದ್ದ ಅಳೆಯುವ ಜಾಗದಲ್ಲಿ ‘ವಾರ್ನ್’ ಎಂಬ ಒಂದು ಸಾಲು ಸೇರಿಸಿದೆ. ಸ್ಕ್ರಿಪ್ಟ್ ಎಣಿಸಿದ್ದನ್ನು ಅದು ಹೊರಗೆ ಹೇಳುತ್ತದೆ. ಆಳಂದ 12. ಬೀದರ್ 15. ಕಲಬುರಗಿ 21. ಯಾದಗಿರಿ 21.

ಎಲ್ಲವೂ ಮೂರರ ಮಗ್ಗಿಯಲ್ಲಿ ಬರುತ್ತಿವೆ, ಅಲ್ವಾ? ಗುಟ್ಟು ಇರುವುದು ಅಲ್ಲೇ. ಪ್ರತಿ ಲಿಪಿಯ ಚಿಹ್ನೆಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕಲಬುರಗಿ ಎಂದರೆ ಏಳು ಸಂಕೇತ: ಕ, ಲ, ಬ, ರ, ಗ ಎಂಬ ಐದು ಅಕ್ಷರ, ಜೊತೆಗೆ ಉಕಾರದ ಕೊಂಬು, ಇಕಾರದ ಗುಡಿಸು. ಆ ಸಂಕೇತಗಳನ್ನು ಬೈಟ್‌ಗಳಾಗಿ (ಕಂಪ್ಯೂಟರ್ ಮಾಹಿತಿಯ ಸಣ್ಣ ತುಣುಕುಗಳಾಗಿ) ಬರೆಯುವ ಯುಟಿಎಫ್-8 ರೂಪದಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕು. ಸ್ಕ್ರಿಪ್ಟ್ ಎಣಿಸುತ್ತಿದ್ದದ್ದು ಈ ಬೈಟ್‌ಗಳನ್ನೇ: ಏಳು ಮೂರಲಿ ಇಪ್ಪತ್ತೊಂದು. ಇಂಗ್ಲಿಷಿನಲ್ಲಿ ಅದೇ ಊರು ಹತ್ತು ಅಕ್ಷರ, ಹತ್ತೇ ಬೈಟ್. ಸ್ಕ್ರಿಪ್ಟ್ ಬರೆದವರು ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿರಬೇಕು. ಹಾಗೆ ನೋಡಿದರೆ ಈ ತಪ್ಪು ಎಂದೂ ಕಣ್ಣಿಗೆ ಬೀಳುವುದಿಲ್ಲ.

ಇದರಲ್ಲಿ ಪರ್ಲ್‌ನ ದೋಷ ಇಲ್ಲ. ಹೊರಗಿನಿಂದ ಬಂದದ್ದು ಫೋಟೊವೋ ಕನ್ನಡವೋ ಎಂದು ಅದು ಸುಮ್ನೆ ಊಹಿಸುವುದಿಲ್ಲ, ಬೈಟ್‌ಗಳ ಸಾಲು ಎಂದಷ್ಟೇ ನೋಡುತ್ತದೆ. ‘ಇದು ಯುಟಿಎಫ್-8, ಬಿಡಿಸಿಕೋ’ ಎಂದು ನಾವೇ ಹೇಳಬೇಕು. ಅದಕ್ಕೆಂದೇ ಇರುವ ‘ಎನ್‌ಕೋಡ್’ ಮಾಡ್ಯೂಲ್ (ಸಿದ್ಧ ಕೋಡಿನ ಕಟ್ಟು) 2002ರ ಪರ್ಲ್ 5.8ರಿಂದ ಭಾಷೆಯ ಜೊತೆಗೇ ಬರುತ್ತದೆ. ಅದರ ‘ಡಿಕೋಡ್’ ಹಾಕಿದ ಮೇಲೆ ಕಲಬುರಗಿಯ ಉದ್ದ 7 ಆಯಿತು.

ತಕ್ಷಣ ಇನ್ನೊಂದು ಎಚ್ಚರಿಕೆ ಬಂತು: ‘ವೈಡ್ ಕ್ಯಾರೆಕ್ಟರ್ ಇನ್ ಪ್ರಿಂಟ್’. ಒಳಗೆ ಬರುವಾಗ ಬಿಡಿಸಿದ್ದನ್ನು ಹೊರಗೆ ಕಳಿಸುವಾಗ ಮತ್ತೆ ಬೈಟ್ ಮಾಡಬೇಕಿತ್ತು. ‘ಬಿನ್‌ಮೋಡ್’ ಬಳಸಿ ಹೊರದಾರಿಗೂ ಯುಟಿಎಫ್-8 ಎಂದು ಹೇಳಿದೆ.

ಒಂದು ಮಾತು ಉಳಿಯಿತು. ಪರ್ಲ್‌ಗೆ 7 ಆದರೂ, ಓದುವಾಗ ನಾವು ಎಣಿಸುವುದು ಐದೇ ಅಕ್ಷರ: ಕ-ಲ-ಬು-ರ-ಗಿ. ಅದಕ್ಕೇ ಮಿತಿಯನ್ನು 20ರಿಂದ 60ಕ್ಕೆ ಏರಿಸಿದೆ. ಸಂದೇಶದಲ್ಲಿದ್ದ ‘ಅಕ್ಷರ’ ಎಂಬ ಪದವನ್ನೂ ತೆಗೆದು, ‘ಊರಿನ ಹೆಸರು ಚಿಕ್ಕದು ಮಾಡಿ’ ಎಂದು ಬರೆದೆ. ಜೇವರ್ಗಿಯ ಹುಡುಗಿಯ ಅರ್ಜಿ ಅಂದು ಸಂಜೆಯೇ ಒಳಗೆ ಬಂತು.