ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆಯೇ?

"ಗಡ್ಡೆಗೆ ಸೂಜಿ ಹಾಕಿಸಬೇಡಿ, ಕೆರಳಿಬಿಡುತ್ತೆ." ಬಯಾಪ್ಸಿಗೆ, ಅಂದರೆ ಪರೀಕ್ಷೆಗೆಂದು ಸೂಜಿಯಿಂದ ಗಡ್ಡೆಯ ತುಣುಕು ತೆಗೆಸಲು, ಬರುವ ಎಷ್ಟೋ ಜನ ಈ ಮಾತನ್ನು ಕೇಳಿಕೊಂಡೇ ಬಂದಿರುತ್ತಾರೆ. ಕೆಲವರಂತೂ ಈ ಭಯಕ್ಕೇ ತಿಂಗಳುಗಟ್ಟಲೆ ಸುಮ್ನೆ ಕೂತಿರುತ್ತಾರೆ. ಅಷ್ಟರಲ್ಲಿ ಗಡ್ಡೆ ತನ್ನ ಪಾಡಿಗೆ ಬೆಳೆದಿರುತ್ತದೆ. ಸೂಜಿ ಹಾಕುವ ರೇಡಿಯಾಲಜಿಸ್ಟ್ ನಾನು. "ಹಾಗೆಲ್ಲ ಆಗುವುದೇ ಇಲ್ಲ" ಎಂದು ನಾನು ಹೇಳುವುದಿಲ್ಲ. ಆಗುತ್ತದೆ, ಅಪರೂಪಕ್ಕೆ. ಎಷ್ಟು ಅಪರೂಪ ಎನ್ನುವುದು ಗಡ್ಡೆ ಎಲ್ಲಿದೆ ಎಂಬುದರ ಮೇಲಿದೆ.

ಸೂಜಿ ಹೊರಬರುವಾಗ ಕೆಲವು ಕ್ಯಾನ್ಸರ್ ಕೋಶಗಳು ದಾರಿಯಲ್ಲಿ ಉದುರಬಹುದು. ಆದರೆ ಉದುರಿದ್ದೆಲ್ಲ ಬದುಕುವುದಿಲ್ಲ. ಸ್ತನ ಕ್ಯಾನ್ಸರ್ ಬಗ್ಗೆ 1999ರಲ್ಲಿ ಬಂದ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಬಯಾಪ್ಸಿಯಾದ 15 ದಿನದೊಳಗೆ ಆಪರೇಷನ್ ಆದವರಲ್ಲಿ ಶೇ. 42ರಷ್ಟು ಜನರಿಗೆ ಸೂಜಿಯ ದಾರಿಯಲ್ಲಿ ಕೋಶಗಳು ಕಂಡಿದ್ದವು. 28 ದಿನ ದಾಟಿದವರಲ್ಲಿ ಅದು ಶೇ. 15ಕ್ಕೆ ಇಳಿದಿತ್ತು. ಹೆಚ್ಚಿನವು ಅಲ್ಲೇ ಸಾಯುತ್ತವೆ ಅಂತ ತಾನೇ ಅರ್ಥ?

ಲಿವರ್ ವಿಷಯದಲ್ಲಿ ನಾವು ಜಾಸ್ತಿ ಹುಷಾರಾಗಿರುತ್ತೇವೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2008ರ ವಿಶ್ಲೇಷಣೆಯಲ್ಲಿ, ಲಿವರ್ ಕ್ಯಾನ್ಸರ್‌ಗೆ ಬಯಾಪ್ಸಿ ಮಾಡಿಸಿಕೊಂಡವರಲ್ಲಿ ಸುಮಾರು ಶೇ. 2.7 ಜನರಿಗೆ ಸೂಜಿಯ ದಾರಿಯಲ್ಲಿ ಗಡ್ಡೆ ಬೆಳೆದಿತ್ತು. ಸಿರೋಸಿಸ್ (ಲಿವರ್ ಹಾನಿಯಾಗಿ ಗಟ್ಟಿಯಾಗುವ ಕಾಯಿಲೆ) ಇರುವವರಿಗೆ ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧ ಕೊಟ್ಟು ತೆಗೆದ ಸಿಟಿ ಅಥವಾ ಎಂಆರ್‌ಐ ಸ್ಕ್ಯಾನ್‌ನಲ್ಲಿ ಗಡ್ಡೆ ಮೊದಲು ಬೆಳ್ಳಗೆ ಹೊಳೆದು, ಆಮೇಲೆ ಸುತ್ತಲಿನ ಲಿವರ್‌ಗಿಂತ ಮಂಕಾದರೆ, ಎಷ್ಟೋ ಸಲ ಅದರಿಂದಲೇ ರೋಗ ಗೊತ್ತಾಗುತ್ತದೆ. ಸೂಜಿಯ ಅಗತ್ಯವೇ ಬೀಳುವುದಿಲ್ಲ.

ಸೂಜಿ ಹಾಕದೇ ಇರುವ ಜಾಗಗಳೂ ಇವೆ. ಮಕ್ಕಳ ಕಣ್ಣಿಗೆ ಬರುವ ರೆಟಿನೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್‌ಗೆ ಚುಚ್ಚುವುದಿಲ್ಲ. ಅಂಡಾಶಯದೊಳಗೇ ಇರುವ, ಅನುಮಾನ ಹುಟ್ಟಿಸುವ ಗಡ್ಡೆಗೂ ಇಲ್ಲ. ಅದು ಒಡೆದರೆ ಕೋಶಗಳು ಹೊಟ್ಟೆಯೊಳಗೆ ಚೆಲ್ಲಬಹುದು. ವೃಷಣದ ಗಡ್ಡೆಗೆ ಚೀಲದ ಚರ್ಮದ ಮೂಲಕ ಸೂಜಿ ಹಾಕಿದರೆ ಇನ್ನೊಂದು ತೊಂದರೆ. ವೃಷಣದ ದುಗ್ಧರಸ (ಲಿಂಫ್, ಕ್ಯಾನ್ಸರ್ ಕೋಶಗಳನ್ನು ಹೊತ್ತೊಯ್ಯಬಲ್ಲ ದ್ರವ) ಹೊಟ್ಟೆಯ ಹಿಂಭಾಗಕ್ಕೆ ಹರಿಯುತ್ತದೆ, ಚೀಲದ ಚರ್ಮದ್ದು ತೊಡೆಸಂದಿಗೆ. ಕ್ಯಾನ್ಸರ್‌ಗೆ ನಾವೇ ಹೊಸ ದಾರಿ ತೋರಿಸಿದಂತಾಗುತ್ತದೆ. ಅದಕ್ಕೇ ಅಲ್ಲಿ ತೊಡೆಸಂದಿಯಿಂದಲೇ ಆಪರೇಷನ್ ಮಾಡಿ ವೃಷಣವನ್ನು ಪೂರ್ತಿ ತೆಗೆಯುತ್ತಾರೆ.

ಸೂಜಿ ಹಾಕಲೇಬೇಕಾದಾಗ ಅಪಾಯ ಕಡಿಮೆ ಮಾಡುವ ದಾರಿಗಳಿವೆ. ಮೊದಲು ಒಂದು ತೆಳು ಕೊಳವೆಯನ್ನು ಗಡ್ಡೆಯ ಅಂಚಿನವರೆಗೆ ಇಳಿಸುತ್ತೇವೆ. ಅದರೊಳಗಿಂದ ಸೂಜಿ ಹೋಗಿ ತುಣುಕು ತರುತ್ತದೆ. ಮೂರು ನಾಲ್ಕು ತುಣುಕು ಬೇಕಾದರೂ ದಾರಿ ಒಂದೇ. ಸುತ್ತಲಿನ ಅಂಗಾಂಶಕ್ಕೆ ಸೂಜಿ ತಾಗುವುದೂ ಕಡಿಮೆ.

ನನಗೆ ನಿಜವಾಗಿ ಕಳವಳವಾಗುವುದು ಕೈಕಾಲಿನ ಆಳದಲ್ಲಿರುವ ಗಂಟುಗಳ ಬಗ್ಗೆ. ಅದು ಸಾರ್ಕೋಮಾ (ಸ್ನಾಯು, ಕೊಬ್ಬು, ಮೂಳೆಯಂಥ ಅಂಗಾಂಶದ ಕ್ಯಾನ್ಸರ್) ಆಗಿದ್ದರೆ, ಆಪರೇಷನ್ ಮಾಡುವಾಗ ಗಡ್ಡೆಯ ಜೊತೆ ಸೂಜಿಯ ದಾರಿಯನ್ನೂ ತೆಗೆಯಬೇಕಾಗಬಹುದು. ತಪ್ಪು ಜಾಗದಲ್ಲಿ ಚುಚ್ಚಿದ್ದರೆ ಆಪರೇಷನ್ ದೊಡ್ಡದಾಗುತ್ತದೆ. ಹಾಗಾಗಿ ಅಂಥ ಗಂಟಿಗೆ ಸೂಜಿ ಹಾಕಿಸುವ ಮೊದಲೇ ಕೇಳಿ: ಆಪರೇಷನ್ ಯಾರು ಮಾಡುತ್ತಾರೆ, ಎಲ್ಲಿ ಚುಚ್ಚಬೇಕೆಂದು ಅವರು ನೋಡಿ ಹೇಳಿದ್ದಾರಾ?