ಮೊದಲು ಸ್ಕ್ರೂಡ್ರೈವರ್, ಆಮೇಲೆ ಹೊಸ ಪಿಕಪ್

"ಸ್ವರ ಮಂಕಾಗಿದೆ, ಪಿಕಪ್ ಬದಲಿಸಿಕೊಡಿ" ಎಂದು ಎಲೆಕ್ಟ್ರಿಕ್ ಗಿಟಾರ್ ಹಿಡಿದು ಬರುವವರಲ್ಲಿ ಹೆಚ್ಚಿನವರನ್ನು ನಾನು ಹಳೆಯ ಪಿಕಪ್‌ನೊಂದಿಗೇ ಮರಳಿ ಕಳಿಸುತ್ತೇನೆ. ವ್ಯಾಪಾರಕ್ಕೆ ಇದು ಒಳ್ಳೆಯದಲ್ಲ, ಗೊತ್ತು. ಆದರೆ ತಪ್ಪು ಸಾಮಾನ್ಯವಾಗಿ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಆ ಪಿಕಪ್‌ನದಲ್ಲ, ಅದರ ಸುತ್ತಮುತ್ತಲಿನದು.

ಮೊದಲು ನೋಡುವುದು ಎತ್ತರ. ಪಿಕಪ್ ಎಂದರೆ ಅಯಸ್ಕಾಂತ ಮತ್ತು ಅದರ ಸುತ್ತ ಕೂದಲಿನಷ್ಟು ತೆಳ್ಳಗಿನ ತಾಮ್ರದ ಎಳೆಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಹತ್ತಿರವಿದ್ದಷ್ಟೂ ಸದ್ದು ಜೋರು ಎಂದು ಹಲವರು ಅದನ್ನು ತಂತಿಗೆ ತಾಗುವಷ್ಟು ಏರಿಸಿಬಿಡುತ್ತಾರೆ. ಆಗ ಅಯಸ್ಕಾಂತವೇ ಉಕ್ಕಿನ ತಂತಿಯನ್ನು ಸೆಳೆಯತೊಡಗುತ್ತದೆ. ದಪ್ಪ ತಂತಿಯನ್ನು 12ನೇ ಫ್ರೆಟ್‌ಗಿಂತ (ಗಿಟಾರಿನ ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿ) ಮೇಲೆ ಒತ್ತಿ ಮೀಟಿದರೆ ಒಂದೇ ಸ್ವರ ಎರಡಾಗಿ ಹೊಯ್ದಾಡುತ್ತದೆ, ಎಷ್ಟು ಶ್ರುತಿ ಮಾಡಿದರೂ ಸರಿಹೋಗುವುದಿಲ್ಲ. ಕೊನೆಯ ಫ್ರೆಟ್ ಒತ್ತಿ ಹಿಡಿದು ಅಳೆದಾಗ ದಪ್ಪ ತಂತಿಯ ಕಡೆ ಸುಮಾರು 2 ಮಿಲಿಮೀಟರ್, ತೆಳು ತಂತಿಯ ಕಡೆ ಅದಕ್ಕಿಂತ ತುಸು ಕಡಿಮೆ ಅಂತರವಿಟ್ಟು ಆರಂಭಿಸಿ. ಅಲ್ಲಿಂದ ಮುಂದೆ ಕಾಲು ಸುತ್ತು ತಿರುಗಿಸುವುದು, ಕೇಳುವುದು, ಮತ್ತೆ ತಿರುಗಿಸುವುದು.

ಪಿಕಪ್‌ನ ಸ್ವಭಾವವನ್ನು ತೀರ್ಮಾನಿಸುವುದು ಅದರ ಅನುರಣನದ ಶಿಖರ, ಅಂದರೆ ಅದು ಅತಿ ಹೆಚ್ಚು ಎತ್ತಿಹಿಡಿಯುವ ಆವರ್ತನ. ಸುರುಳಿಯ ಪ್ರೇರಕತೆ (ವಿದ್ಯುತ್ ಪ್ರವಾಹದ ಬದಲಾವಣೆಯನ್ನು ತಡೆಯುವ ಗುಣ, ಅಳತೆ ಹೆನ್ರಿಯಲ್ಲಿ), ಕೇಬಲ್‌ನ ಧಾರಕತೆ (ವಿದ್ಯುದಾವೇಶವನ್ನು ಹಿಡಿದಿಡುವ ಗುಣ, ಅಳತೆ ಫ್ಯಾರಡ್‌ನಲ್ಲಿ), ಇವೆರಡೂ ಸೇರಿ ಮುಖ್ಯವಾಗಿ ಅದನ್ನು ನಿರ್ಧರಿಸುತ್ತವೆ. 2.5 ಹೆನ್ರಿಯ ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯ ಪಿಕಪ್ ಒಂದನ್ನು ತೆಗೆದುಕೊಳ್ಳಿ. ಮೀಟರಿಗೆ 100 ಪಿಕೋಫ್ಯಾರಡ್ ಇರುವ 5 ಮೀಟರ್ ಕೇಬಲ್ ಜೋಡಿಸಿದರೆ ಶಿಖರ 4 ಕಿಲೋಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ಅದೇ ಕೇಬಲ್ 10 ಮೀಟರ್ ಆದರೆ 3ಕ್ಕೆ ಇಳಿಯುತ್ತದೆ. ಮಂಕುತನವೆಲ್ಲ ಕೇಬಲ್‌ನಲ್ಲೇ ಅಡಗಿದ್ದ ಗಿಟಾರುಗಳು ನನ್ನ ಮೇಜಿನ ಮೇಲೆ ಅದೆಷ್ಟೋ ಬಂದಿವೆ.

ಆ ಶಿಖರ ಎಷ್ಟು ಚೂಪಾಗಿರುತ್ತದೆ ಎಂಬುದು ವಾಲ್ಯೂಮ್ ಪಾಟ್‌ನ, ಅಂದರೆ ಸದ್ದು ಏರಿಳಿಸಲು ತಿರುಗಿಸುವ ರೋಧಕದ ಕೈಯಲ್ಲಿದೆ. ಸಿಂಗಲ್ ಕಾಯಿಲ್‌ಗೆ 250 ಕಿಲೋಓಮ್, ಎರಡು ಸುರುಳಿಯ ಪಿಕಪ್ ಆದ ಹಂಬಕರ್‌ಗೆ 500 ಎಂಬುದು ರೂಢಿ. ಯಾರೋ ಹಂಬಕರ್ ಕೂರಿಸಿ ಪಾಟ್ ಮಾತ್ರ 250ರದ್ದೇ ಉಳಿಸಿದ್ದರೆ ಸ್ವರಕ್ಕೆ ಕಂಬಳಿ ಹೊದಿಸಿದಂತಾಗುತ್ತದೆ. ಪೆಟ್ಟಿಗೆಯ ಮೇಲೆ ಬರೆದಿರುವ ಡಿಸಿ ರೋಧದ (ನೇರ ವಿದ್ಯುತ್ತಿಗೆ ಸುರುಳಿಯ ಎಳೆ ಒಡ್ಡುವ ತಡೆ) ಅಂಕಿಗೆ ಮಾತ್ರ ಮರುಳಾಗಬೇಡಿ. ಎಳೆ ತೆಳ್ಳಗಾದರೆ ಸುತ್ತುಗಳು ಅಷ್ಟೇ ಇದ್ದರೂ ರೋಧ ಏರುತ್ತದೆ, ಕಸುವು ಏರುವುದಿಲ್ಲ.

ಹಂಬಕರ್ ಇದ್ದವರಿಗೆ ಇನ್ನೊಂದು ದಾರಿಯಿದೆ. 1955ರಲ್ಲಿ ಗಿಬ್ಸನ್ ಕಂಪನಿಯಲ್ಲಿ ಸೇತ್ ಲವರ್ ರೂಪಿಸಿದ ಈ ಪಿಕಪ್‌ನಲ್ಲಿ ಎರಡು ಸುರುಳಿಗಳು ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನು ಪರಸ್ಪರ ರದ್ದು ಮಾಡುತ್ತವೆ. ಸ್ವರ ತೆಳುವಾಗಲಿ ಎಂದು ಎಲ್ಲರೂ ಒಂದು ಸುರುಳಿಯನ್ನು ಕತ್ತರಿಸುವ ಸ್ವಿಚ್ ಕೇಳುತ್ತಾರೆ. ಅದರೊಂದಿಗೆ ಗುಂಯ್‌ಗುಡುವಿಕೆಯೂ ಮರಳಿ ಬರುತ್ತದೆ. ನನ್ನ ಒಲವು ಎರಡನ್ನೂ ಸಮಾಂತರವಾಗಿ ಜೋಡಿಸುವುದರತ್ತ. ಪ್ರೇರಕತೆ ಸುಮಾರು ಕಾಲುಭಾಗಕ್ಕಿಳಿದು ಸ್ವರ ತಿಳಿಯಾಗುತ್ತದೆ, ಸದ್ದು ತುಸು ಕುಗ್ಗುತ್ತದೆ, ಆದರೆ ಗುಂಯ್ ಎನ್ನುವುದಿಲ್ಲ. ಇದಕ್ಕೆ ಪಿಕಪ್‌ನಿಂದ ನಾಲ್ಕು ವೈರುಗಳು ಹೊರಬಂದಿರಬೇಕು, ಅಷ್ಟೇ.

ಜೋರಾಗಿ ನುಡಿಸುವಾಗ ಪಿಕಪ್ ಕಿರುಚಿದರೆ ಸುರುಳಿಯ ಎಳೆಗಳು ಸಡಿಲವಾಗಿ ಕಂಪಿಸುತ್ತಿರುವ ಸಾಧ್ಯತೆ ಹೆಚ್ಚು. ಪ್ಯಾರಾಫಿನ್‌ಗೆ ಸ್ವಲ್ಪ ಜೇನುಮೇಣ ಬೆರೆಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ, ಪಿಕಪ್ಪನ್ನು ಅದರಲ್ಲಿ ಮುಳುಗಿಸಿ ಗುಳ್ಳೆ ನಿಲ್ಲುವವರೆಗೆ ಕಾಯಬೇಕು. ಮೇಣವನ್ನು ನೇರ ಉರಿಯ ಮೇಲಿಟ್ಟರೆ ಬೆಂಕಿ ಹತ್ತಿಕೊಳ್ಳುತ್ತದೆ. 65 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರಲಿ. ಥರ್ಮಾಮೀಟರ್ ಇಲ್ಲದೆ ಧೈರ್ಯ ಮಾಡಿದ ನನ್ನ ಮೊದಲ ಪ್ರಯತ್ನದಲ್ಲಿ ಎಳೆ ಸುತ್ತಿದ ಪ್ಲಾಸ್ಟಿಕ್ ಬಾಬಿನ್ ಹಪ್ಪಳದಂತೆ ಸೊಟ್ಟಗಾಯಿತು. ಅದು ಗ್ರಾಹಕರದ್ದಲ್ಲ, ನನ್ನದೇ ಗಿಟಾರಿನದ್ದು ಎಂಬುದೊಂದೇ ಸಮಾಧಾನ. ಕಿರುಚದ ಹಳೆಯ ಪಿಕಪ್ಪನ್ನು ಯಾರಾದರೂ ಮೇಣಕ್ಕೆ ಅದ್ದಲು ತಂದರೆ ಈಗಲೂ ಒಲ್ಲೆ ಎನ್ನುತ್ತೇನೆ. ಆ ಅಲ್ಪ ಕಂಪನದಿಂದ ಬರುವ ಗಾಳಿಯಾಡುವಂಥ ಸ್ವರ ಮೇಣ ಹೊಕ್ಕ ಮೇಲೆ ಉಳಿಯುವುದಿಲ್ಲ.