ಪುನರ್ಪುಳಿ: ಸಿಪ್ಪೆಗೊಂದು ಕೆಲಸ, ಬೀಜಕ್ಕೊಂದು ಕೆಲಸ

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳೋಣ. ಮಂಗಳೂರು, ಉಡುಪಿಯಲ್ಲಿ ಈ ಹುಳಿ ಹಣ್ಣಿಗೆ ನಾವು ಪುನರ್ಪುಳಿ ಅನ್ನುತ್ತೇವೆ. ಉತ್ತರ ಕನ್ನಡ, ಮಲೆನಾಡಿನ ಕಡೆ ಅದೇ ಮುರುಗಲು. ಕೊಂಕಣಿ ಮಾತಾಡುವವರಿಗೆ ಬಿರಿಂಡ. ಅಂಗಡಿಯ ಬಾಟಲಿಯ ಮೇಲೆ ಕೋಕಂ. ಸಸ್ಯಶಾಸ್ತ್ರದ ಹೆಸರು ಗಾರ್ಸೀನಿಯಾ ಇಂಡಿಕಾ. ಮ್ಯಾಂಗೋಸ್ಟೀನ್ ಮತ್ತು ಉಪ್ಪಾಗೆ ಇದರ ಹತ್ತಿರದ ನೆಂಟರು. ಉಪ್ಪಾಗೆಯ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಏಪ್ರಿಲ್, ಮೇ ತಿಂಗಳು ಹಣ್ಣಿನ ಕಾಲ. ಕಾರ್ಕಳದ ಹತ್ತಿರದ ನಮ್ಮ ಅಜ್ಜಿಮನೆಯಲ್ಲಿ ಆಗ ಅಂಗಳ ತುಂಬಾ ಕೆಂಪು. ಅಜ್ಜಿ ಹಣ್ಣನ್ನು ಎರಡು ಹೋಳು ಮಾಡಿ, ಬೀಜ, ತಿರುಳು ತೆಗೆದು, ಸಿಪ್ಪೆಯನ್ನು ತಡ್ಪೆಯಲ್ಲಿ (ಮೊರದಲ್ಲಿ) ಹರಡಿ ಬಿಸಿಲಿಗೆ ಇಡುತ್ತಾರೆ. ತಿರುಳಿನ ರಸಕ್ಕೆ ಉಪ್ಪು ಹಾಕಿ ತೆಗೆದಿಡುತ್ತಾರೆ. ಸಂಜೆ ಬಾಡಿದ ಸಿಪ್ಪೆಯನ್ನು ಆ ರಸದಲ್ಲಿ ಅದ್ದಿ, ಮರುದಿನ ಮತ್ತೆ ಬಿಸಿಲಿಗೆ. ಹೀಗೆ ಕೆಲವು ದಿನ ಮಾಡಿದ ಮೇಲೆ ಸಿಪ್ಪೆ ಕಪ್ಪಾಗಿ, ಮೆತ್ತಗೆ, ಬೆರಳಿಗೆ ಅಂಟುವ ಹಾಗೆ ಆಗುತ್ತದೆ. ಮಳೆ ಹಿಡಿಯುವ ಮೊದಲು ಭರಣಿಗೆ ತುಂಬಲೇಬೇಕು. ಅಲ್ಯುಮಿನಿಯಂ ಪಾತ್ರೆ ಬೇಡ, ಹುಳಿ ಲೋಹವನ್ನು ತಿನ್ನುತ್ತದೆ.

ಈ ಸಿಪ್ಪೆಯನ್ನು ನೀರಿನಲ್ಲಿ ನೆನೆಸಿ ಕಿವುಚಿ, ಉಪ್ಪು, ಬೆಲ್ಲ, ಹಸಿಮೆಣಸು ಹಾಕಿ ಕುದಿಸಿ, ಮೇಲಿಂದ ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಸಾರು. ಬೇಳೆ ಬೇಡ. ಅನ್ನಕ್ಕೂ ಆಗುತ್ತದೆ, ಸುಮ್ನೆ ಲೋಟದಲ್ಲಿ ಕುಡಿಯಲೂ ಆಗುತ್ತದೆ. ಬೇಸಿಗೆಯಲ್ಲಿ ಶರಬತ್ತು. ಪಿತ್ತಕ್ಕೆ, ಉಷ್ಣಕ್ಕೆ ಒಳ್ಳೆಯದು ಅಂತ ಹಿರಿಯರು ಕೊಡುತ್ತಾರೆ. ಮೈಮೇಲೆ ಪಿತ್ತದ ಗಂಧೆ ಎದ್ದರೆ ಇದೇ ರಸವನ್ನು ಹಚ್ಚುವ ರೂಢಿಯೂ ಇದೆ. ಆಯುರ್ವೇದದಲ್ಲಿ ಇದಕ್ಕೆ ವೃಕ್ಷಾಮ್ಲ ಎಂಬ ಹೆಸರಿದೆ.

ಈಗ ಬಣ್ಣದ ವಿಷಯ. ಪರೀಕ್ಷೆಗೆ ಓದುವವರು ಇಲ್ಲಿ ಸ್ವಲ್ಪ ನಿಲ್ಲಿ. ಈ ಕೆಂಪು ಬರುವುದು ಗಿಡಗಳಲ್ಲಿರುವ ಬಣ್ಣದ ಅಂಶಗಳಾದ ಆಂಥೋಸಯನಿನ್‌ಗಳಿಂದ. ನೇರಳೆ ಹಣ್ಣಿಗೆ ಬಣ್ಣ ಕೊಡುವುದೂ ಇದೇ ಗುಂಪು. ಸಕ್ಕರೆ ಹಾಕದ ರಸವನ್ನು ಒಂದು ಚಮಚ ತೆಗೆದುಕೊಂಡು ಚಿಟಿಕೆ ಚಿಟಿಕೆ ಅಡುಗೆ ಸೋಡಾ ಹಾಕುತ್ತಾ ಹೋಗಿ. ಮೊದಲು ನೊರೆ ಏಳುತ್ತದೆ, ಆಮೇಲೆ ಕೆಂಪು ಹೋಗಿ ಬಣ್ಣ ಮಂಕಾಗಿ ನೀಲಿಯತ್ತ ತಿರುಗುತ್ತದೆ. ಹುಳಿಯಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ. ನಾನು ಪುಸ್ತಕದಲ್ಲಿ ಮೂರು ಸಲ ಓದಿದ್ದು ಒಂದು ಚಮಚದಲ್ಲಿ ಅರ್ಥವಾಯಿತು. ಬೆಳಕು, ಬಿಸಿ ಜಾಸ್ತಿಯಾದರೂ ಈ ಬಣ್ಣ ಕೆಡುತ್ತದೆ. ಅದಕ್ಕೇ ಸಿರಪ್ಪನ್ನು ಕತ್ತಲಲ್ಲಿ ಇಡುವುದು.

ಸಿಪ್ಪೆಯ ಹುಳಿಗೆ ಮುಖ್ಯ ಕಾರಣ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಗಾರ್ಸೀನಿಯಾ ಹೆಸರಿನ ತೂಕ ಇಳಿಸುವ ಮಾತ್ರೆಗಳ ಜಾಹೀರಾತು ಹುಟ್ಟಿದ್ದು ಇದರಿಂದಲೇ. ಆ ಮಾತ್ರೆಗಳಿಗೆ ಹೆಚ್ಚಾಗಿ ಬಳಸುವುದು ಉಪ್ಪಾಗೆಯ ಸಿಪ್ಪೆಯ ಸಾರ. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ಮಾಡಿದಾಗ, ಅದನ್ನು ತಿಂದವರಿಗೂ ಬರೀ ಹುಸಿ ಮಾತ್ರೆ ತಿಂದವರಿಗೂ ತೂಕದಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಅಂಥ ಮಾತ್ರೆಗಳಿಂದ ಲಿವರ್‌ಗೆ ತೊಂದರೆಯಾದ ಪ್ರಕರಣಗಳೂ ವರದಿಯಾಗಿವೆ. ಊಟದ ಸಾರು ಬೇರೆ, ಸಾಂದ್ರ ಮಾಡಿದ ಮಾತ್ರೆ ಬೇರೆ. ಉತ್ತರ ಬರೆಯುವಾಗ ಇವೆರಡನ್ನೂ ಬೆರೆಸಬೇಡಿ.

ಸಿಪ್ಪೆಯಲ್ಲಿರುವ ಗಾರ್ಸಿನಾಲ್ ಎಂಬ ರಾಸಾಯನಿಕದ ಬಗ್ಗೆಯೂ ತುಂಬಾ ಓದಲು ಸಿಗುತ್ತದೆ. ಆದರೆ ಅದರಲ್ಲಿ ಹೆಚ್ಚಿನದು ಪ್ರಯೋಗಾಲಯದ ಜೀವಕೋಶಗಳ ಮೇಲೆ, ಇಲಿಗಳ ಮೇಲೆ ಮಾಡಿದ ಕೆಲಸ. "ಕ್ಯಾನ್ಸರ್ ಗುಣಪಡಿಸುತ್ತದೆ" ಅಂತ ಬರೆದರೆ ತಪ್ಪು. ಬೆವರು ಹರಿಯುವ ನಮ್ಮ ಕರಾವಳಿಯಲ್ಲಿ ಉಪ್ಪು ಬೆರೆಸಿದ ಒಂದು ಲೋಟ ಪುನರ್ಪುಳಿ ನೀರು ದಾಹ ತಣಿಸುತ್ತದೆ, ಅದು ನಮಗೆಲ್ಲ ಗೊತ್ತಿರುವ ಮಾತು ಅಲ್ವಾ? ಸಿರಪ್‌ನಲ್ಲಿ ಸಕ್ಕರೆ ಜಾಸ್ತಿ, ಹಾಗಾಗಿ ಶುಗರ್ ಇರುವವರು ಒಣ ಸಿಪ್ಪೆಯನ್ನೇ ನೆನೆಸಿಕೊಳ್ಳಲಿ. ಬಿಪಿ ಇರುವವರು ಉಪ್ಪು ಹಾಕದ ಸಿಪ್ಪೆ ಹುಡುಕಲಿ.

ಉಳಿದದ್ದು ಬೀಜ. ಅಜ್ಜಿ ಬೀಜ ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸುತ್ತಾರೆ. ಮೇಲೆ ತೇಲುವ ಜಿಡ್ಡನ್ನು ತೆಗೆದು ಉಂಡೆ ಕಟ್ಟುತ್ತಾರೆ. ಇದು ಎಣ್ಣೆಯ ಹಾಗೆ ಹರಿಯುವುದಿಲ್ಲ. ಸ್ಟಿಯರಿಕ್ ಆಮ್ಲ ಎಂಬ ಗಟ್ಟಿ ಕೊಬ್ಬಿನಂಶ ಜಾಸ್ತಿ ಇರುವುದರಿಂದ ಕರಗಲು ಸುಮಾರು 40 ಡಿಗ್ರಿ ಬಿಸಿ ಬೇಕು. ಮೇ ತಿಂಗಳ ಮಂಗಳೂರಿನಲ್ಲೂ ಉಂಡೆ ಗಟ್ಟಿಯಾಗಿಯೇ ಇರುತ್ತದೆ. ರಾತ್ರಿ ಅದನ್ನು ಚೂರು ಬಿಸಿ ಮಾಡಿ, ಒಡೆದ ಹಿಮ್ಮಡಿಗೆ ತಿಕ್ಕಿ ಮಲಗುತ್ತಾರೆ. ಮೇಲೆ ತೆಳ್ಳಗೆ ಪದರ ಕಟ್ಟಿ, ಚರ್ಮದ ತೇವ ಆರದ ಹಾಗೆ ಅದು ಬೆಳಗಿನವರೆಗೂ ಹಿಡಿದಿಡುತ್ತದೆ.